ಕಾರಹುಣ್ಣಿಮೆಯ ಗೊಟ್ಟ

ಪ್ರೀತಿಯ ಶೈಲಾ,

25 ಜೂನ್ 2024, ಮಂಗಳವಾರ
ಬುರೈಮಿಯಿಂದ ಎಪ್ಪತ್ತು ಕಿಲೋಮೀಟರ್ ಒಳಗೆ, ಫಾರ್ಮಿನ ಆಫೀಸು
ಮಧ್ಯಾಹ್ನ ಒಂದು ಗಂಟೆ

'ನಾನು ಕ್ಷೇಮ' ಎಂದು ಬರೆದು ಹೊಡೆದುಹಾಕಿದ್ದು ನಿನಗೆ ಕಾಣುತ್ತದೆ. ಇರಲಿ, ಹಾಗೇ ಬಿಟ್ಟಿದ್ದೇನೆ. ನೀನು ಸೊಹಾರ್‌ಗೆ ಹೋಗಿ ಎರಡು ವರ್ಷವಾಯಿತು. ಅಂಜಲಿಯ ಶಾಲೆ, ಅಂಜಲಿಯ ಜ್ವರ, ಅಂಜಲಿಯ ಮಾರ್ಕ್ಸು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತಿಲ್ಲ. ಈಗ ಇದ್ದಕ್ಕಿದ್ದಂತೆ ಇಷ್ಟುದ್ದ ಕಾಗದ ಬಂದರೆ ಗಾಬರಿಯಾಗುವುದು ಸಹಜ. ನನ್ನ ಮೈಗೆ ಏನೂ ಆಗಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಾನು ಹಲೋ ಎನ್ನುವ ರೀತಿಯಲ್ಲೇ ನೀನು ಅರ್ಧ ವಿಷಯ ಹಿಡಿಯುತ್ತೀ, ಉಳಿದರ್ಧ ನೀನೇ ಹೇಳಿ ಮುಗಿಸುತ್ತೀ, ನಾನು ಹೂಂ ಎಂದು ಫೋನ್ ಇಟ್ಟುಬಿಡುತ್ತೇನೆ. ಈ ಸಲ ಹಾಗಾಗಬಾರದು, ನಾನೇ ಹೇಳಬೇಕು.

ಹೊರಗೆ ಯಾರೂ ಇಲ್ಲ. ಬೇಸಿಗೆಯ ಕಾನೂನಿನಂತೆ ಹನ್ನೆರಡೂವರೆಯಿಂದ ಮೂರೂವರೆವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಆಳುಗಳೆಲ್ಲ ಕೋಣೆ ಸೇರಿದ್ದಾರೆ. ನಾನೂರು ದನ ಶೆಡ್ಡಿನ ನೆರಳಲ್ಲಿ ಮೆಲುಕು ಹಾಕುತ್ತಿವೆ. ನಿನಗೆ ಇಲ್ಲಿಯ ಆಕಾಶ ಕಂಡರಾಗುತ್ತಿರಲಿಲ್ಲ. ನಾಲ್ಕೂ ಕಡೆ ಹರಳುಕಲ್ಲಿನ ಬಯಲು, ಅಲ್ಲೊಂದು ಇಲ್ಲೊಂದು ಗಾಫ್ ಮರ, ಮೇಲೆ ಇಡೀ ಆಕಾಶ. ಕಣ್ಣು ತಡೆಯಲು ಒಂದು ಗುಡ್ಡವಾದರೂ ಬೇಡವೇ ಎಂದು ನೀನು ಜಗಳ ಆಡುತ್ತಿದ್ದೆ. ನನಗೆ ಅದು ಹಿಡಿಸಿತ್ತು. ಇಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ ಎನ್ನುವುದು ಹಿಡಿಸಿತ್ತು. ನಿನ್ನೆಯಿಂದ ಮಾತ್ರ ಕಿಟಕಿಯ ಪರದೆ ಸರಿಸಲು ಆಗುತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ಬರ್ಕ್ ಸತ್ತ.

ನೀನು ಅವನನ್ನು ಕರುವಾಗಿದ್ದಾಗ ನೋಡಿದ್ದೆ. ಈಗ ಅವನ ಭುಜ ನನ್ನ ಎದೆಯ ಎತ್ತರಕ್ಕೆ ಬಂದಿತ್ತು. ಬಾತಿನಾ ಕರಾವಳಿಯ ಕಡೆ ಎರಡು ಗೂಳಿಗಳನ್ನು ಎದುರುಬದುರು ಬಿಟ್ಟು ಯಾವುದು ಹಿಂದೆ ಸರಿಯುತ್ತದೆ ಎಂದು ನೋಡುತ್ತಾರಲ್ಲ, ಆ ಆಟದಲ್ಲಿ ಕಳೆದ ಚಳಿಗಾಲ ಇವನು ಒಮ್ಮೆಯೂ ಹಿಂದೆ ಸರಿಯಲಿಲ್ಲ. ವೀಸಾ ಕೊಟ್ಟ ನಮ್ಮ ಧಣಿ ಅಹ್ಮದ್‌ಗೆ ಇವನೆಂದರೆ ಪ್ರಾಣ. ತಾವು ತಿನ್ನುವ ಖರ್ಜೂರದಲ್ಲಿ ಅರ್ಧ ತೆಗೆದು ಅವನ ಬಾಯಿಗೆ ಇಡುತ್ತಿದ್ದರು. ಬಕ್ರೀದ್ ಹಬ್ಬಕ್ಕೆ ರುಸ್ತಾಕ್‌ಗೆ ಮಗಳ ಮನೆಗೆ ಹೋದವರು, ದಿನಕ್ಕೆರಡು ಸಲ ಫೋನ್ ಮಾಡಿ ವಿಚಾರಿಸುತ್ತಿದ್ದದ್ದು ನನ್ನನ್ನಲ್ಲ, ಬರ್ಕ್‌ನನ್ನು.

ಅವರು ಭಾನುವಾರ ವಾಪಸು ಬಂದಾಗ ಬರ್ಕ್ ಮೂಗರಳಿಸಿ ಏದುಸಿರು ಬಿಡುತ್ತಿದ್ದ. ಬುರೈಮಿಯಿಂದ ಡಾಕ್ಟರ್ ಪ್ರಿನ್ಸಿ ಬಂದು ಇಂಜೆಕ್ಷನ್ ಕೊಟ್ಟರು. ಸೋಮವಾರ ಬೆಳಗಿನ ಹೊತ್ತಿಗೆ ಮುಗಿದಿತ್ತು. ಡಾಕ್ಟರು ಅಲ್ಲೇ ಕೊಯ್ದು ನೋಡಿದರು. ಶ್ವಾಸಕೋಶದ ತುಂಬ ಎಣ್ಣೆ, ಅರಿಸಿನದ ಹಳದಿ. ಶುಕ್ರವಾರದ ಹೊತ್ತಿಗೆ ಯಾರೋ ಬಾಯಿಗೆ ಔಷಧ ಸುರಿದಿದ್ದಾರೆ, ಅದು ಹೊಟ್ಟೆಗೆ ಇಳಿಯದೆ ಉಸಿರಿನ ನಾಳಕ್ಕೆ ಇಳಿದಿದೆ ಎಂದು ಅವರು ಅಹ್ಮದ್‌ಗೆ ಹೇಳಿದರು. ಹೇಳುವಾಗ ಅವರ ಕಣ್ಣು ನನ್ನ ಮೇಲೇ ಇತ್ತೋ ಏನೋ, ನಾನು ನೆಲ ನೋಡುತ್ತಿದ್ದೆ.

ಡಾಕ್ಟರ ಅಪ್ಪಣೆಯಿಲ್ಲದೆ ಯಾವ ದನಕ್ಕೂ ಬಾಯಿಯಿಂದ ಔಷಧ ಕುಡಿಸಬಾರದು ಎಂಬ ನಿಯಮ ಇಲ್ಲಿದೆ. ಹಿಂದಿ, ಬಂಗಾಳಿ ಎರಡರಲ್ಲೂ ಬರೆಸಿ ಶೆಡ್ಡಿನ ಗೋಡೆಗೆ ಅಂಟಿಸಿದವನು ಮ್ಯಾನೇಜರಾದ ನಾನೇ. ಧಾರವಾಡದಲ್ಲಿ ಕಲಿತ ನಾಲ್ಕು ವರ್ಷದ ಓದಿನಲ್ಲಿ ಇಷ್ಟಾದರೂ ಉಪಯೋಗಕ್ಕೆ ಬರಲಿ ಎಂದು.

ಸೋಮವಾರ ಮಧ್ಯಾಹ್ನ ಅಹ್ಮದ್ ಎಲ್ಲರನ್ನೂ ಬೈಠಕ್ಕಿನ ಕೋಣೆಗೆ, ಮಜ್ಲಿಸ್‌ಗೆ ಕರೆಸಿದರು. ಕೂಗಾಡಲಿಲ್ಲ. ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: "ಶುಕ್ರವಾರ ಬರ್ಕ್ ಯಾರ ಕೈಯಲ್ಲಿದ್ದ?"

ನಾನು ಶರ್ಫುದ್ದೀನ್ ಎಂದೆ.

ಅದು ಸುಳ್ಳಲ್ಲ, ಶೈಲಾ. ಆ ದಿನದ ಪಟ್ಟಿಯಲ್ಲಿ ಅವನ ಹೆಸರೇ ಇತ್ತು. ಶರ್ಫುದ್ದೀನ್ ನಿನಗೆ ನೆನಪಿರಬೇಕು. ಬಾಂಗ್ಲಾದವನು, ಐವತ್ತು ದಾಟಿದವನು, ಅಂಜಲಿಗೆ ಕರುವಿನ ಬಾಯಿಗೆ ಬೆರಳು ಕೊಟ್ಟು ಹಾಲು ಕುಡಿಸಲು ಕಲಿಸಿದವನು. ಹದಿನೇಳು ವರ್ಷದಿಂದ ಇಲ್ಲಿಯ ಗೂಳಿಗಳನ್ನೇ ನೋಡಿಕೊಂಡಿದ್ದಾನೆ. ಅವನು ನನ್ನ ಮುಖ ನೋಡಿದ. ಆಮೇಲೆ ಅಹ್ಮದ್ ಕಡೆ ತಿರುಗಿ, ಬರ್ಕ್‌ನ ತಲೆ ಎತ್ತಿ ಹಿಡಿದಿದ್ದವನು ತಾನೇ ಎಂದು ಹೇಳಿದ. ಅದೂ ಸುಳ್ಳಲ್ಲ. ಇಬ್ಬರೂ ನಿಜವನ್ನೇ ಹೇಳಿದೆವು, ಅಷ್ಟಕ್ಕೇ ಒಬ್ಬ ಮನುಷ್ಯನ ಬದುಕು ಮುಗಿಯಿತು.

ಎದುರಾಳಿ ಗೂಳಿಯವರು ಯಾರಾದರೂ ಹೇಳಿ ಮಾಡಿಸಿದರೇ ಎಂದು ಅಹ್ಮದ್ ಕೇಳಿದರು. ಶರ್ಫುದ್ದೀನ್ ಇಲ್ಲ ಎಂದು ತಲೆಯಾಡಿಸಿದ. ಹದಿನೇಳು ವರ್ಷದ ಮುಖ ನೋಡಿ ಪೊಲೀಸಿಗೆ ಕೊಡುವುದಿಲ್ಲ, ಆದರೆ ಇನ್ನು ಈ ಬಾಗಿಲಲ್ಲಿ ಕಾಣಿಸಿಕೊಳ್ಳಬೇಡ ಎಂದರು. "ಖಲಾಸ್," ಎಂದು ಎದ್ದು ಒಳಗೆ ಹೋದರು. ನಾಳೆ ಬುಧವಾರ ಬೆಳಿಗ್ಗೆ ಆರಕ್ಕೆ ಹಾಲಿನ ಡ್ರೈವರ್ ಸವಾದ್‌ನ ವ್ಯಾನಿನಲ್ಲಿ ಅವನನ್ನು ಸೊಹಾರ್‌ಗೆ ಕಳಿಸುತ್ತಾರೆ. ಅಲ್ಲಿಯ ಆಫೀಸಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ವೀಸಾ ರದ್ದತಿಯ ಕಾಗದಕ್ಕೆ ಸಹಿ, ಸಂಜೆ ಮಸ್ಕತ್ ಬಸ್ಸು, ಆಮೇಲೆ ವಿಮಾನ. ಸಹಿ ಬಿದ್ದ ಮೇಲೆ ಯಾರು ಏನು ಮಾಡಿದರೂ ವ್ಯರ್ಥ. ಗೂಳಿ ಕೊಂದವನು ಎಂಬ ಹೆಸರು ಈಗಾಗಲೇ ಬಾತಿನಾ ತನಕ ಹೋಗಿದೆ. ಇನ್ನು ಇಲ್ಲಿ ಯಾರೂ ಅವನನ್ನು ದನದ ಹತ್ತಿರ ಬಿಡುವುದಿಲ್ಲ. ಅವನಿಗೆ ದನ ಬಿಟ್ಟು ಬೇರೆ ಏನೂ ಗೊತ್ತಿಲ್ಲ.

ಈಗ ಒಂದು ಮುಕ್ಕಾಲು. ಎದ್ದು ನೀರು ಕುಡಿದು ಬಂದೆ. ಇಷ್ಟು ಬರೆದದ್ದನ್ನು ಓದಿದೆ. ಯಾರೋ ಔಷಧ ಸುರಿದರು ಎಂದು ಬರೆದಿದ್ದೇನೆ. ನಿನಗೆ ಬರೆಯುವಾಗಲೂ ಕೈ ಹಾಗೇ ಜಾರುತ್ತದೆ ನೋಡು.

ಸುರಿದವನು ನಾನು.

ಶುಕ್ರವಾರ ಕಾರಹುಣ್ಣಿಮೆ. ನಾನು ಬರ್ಕ್‌ನ ಕೊಂಬಿಗೆ ಹುರಮಂಜಿನ ಕೆಂಪು ಬಣ್ಣ ಹಚ್ಚಿ, ಹಣೆಗೆ ಅಂಜಲಿಯ ಹಳೆಯ ರಿಬ್ಬನ್ ಕಟ್ಟಿ ವಿಡಿಯೋ ಕಳಿಸಿದ್ದೆ. ನೀನು ಒಂದು ಹೆಬ್ಬೆರಳು ಕಳಿಸಿದ್ದೆ. ಅದಕ್ಕೇ ನಾನು ಎಷ್ಟು ಖುಷಿಪಟ್ಟೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ನಿಜ ಹೇಳಬೇಕೆಂದರೆ ಆ ಸಿಂಗಾರವೆಲ್ಲ ಬರ್ಕ್‌ಗಾಗಿ ಅಲ್ಲ, ನಿನಗೆ ಏನಾದರೂ ಕಳಿಸಲು ಒಂದು ನೆಪ. ಹೆಬ್ಬೆರಳು ಬಂದ ಮೇಲೆ ಇನ್ನೊಂದು ವಿಡಿಯೋ ಮಾಡೋಣ ಅನ್ನಿಸಿತು.

ಹುನಗುಂದದ ಮನೆಯಲ್ಲಿ ಅಪ್ಪ ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ಗೊಟ್ಟ ಹಾಕುವುದನ್ನು ನೀನು ಮದುವೆಯಾದ ಮೊದಲ ವರ್ಷ ಬೆರಗಾಗಿ ನೋಡಿದ್ದೆ. ಓರೆಯಾಗಿ ಸೀಳಿದ ಬಿದಿರಿನ ಕೊಳವೆಯಲ್ಲಿ ಹಸಿ ಮೊಟ್ಟೆ, ಶೇಂಗಾ ಎಣ್ಣೆ, ಅರಿಸಿನ ಕಲಸಿ ಎತ್ತಿನ ಬಾಯಿಗೆ ಸುರಿಯುವುದು. ಬರ್ಕ್ ಎರಡು ದಿನದಿಂದ ಸರಿಯಾಗಿ ಮೇವು ಮುಟ್ಟಿರಲಿಲ್ಲ. ಬಿಸಿಲಿಗೆ ಹಾಗಾಗುತ್ತದೆ, ಸುಮ್ಮನಿದ್ದರೆ ತಾನೇ ಸರಿಹೋಗುತ್ತಿತ್ತು. ಡಾಕ್ಟರು ರಜೆಯಲ್ಲಿದ್ದರು. ನಮ್ಮಪ್ಪನಿಗೆ ಯಾವ ಡಾಕ್ಟರು ಹೇಳಿಕೊಟ್ಟಿದ್ದರು ಎಂದುಕೊಂಡೆ. ಬಿದಿರು ಎಲ್ಲಿಂದ ಬರಬೇಕು, ಹುಲ್ಲಿನ ಹೊಲಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪನ್ನೇ ಮೊಳದುದ್ದ ಕತ್ತರಿಸಿ ತುದಿ ಉಜ್ಜಿ ಗೊಟ್ಟ ಮಾಡಿದೆ. ಗೋಡೆಯ ಮೇಲೆ ನನ್ನದೇ ನಿಯಮ ಇತ್ತು. ಅದು ಆಳುಗಳಿಗೆ, ನನಗಲ್ಲ ಎಂದುಕೊಂಡಿರಬೇಕು. ಏನೂ ಅಂದುಕೊಂಡಿರಲಿಲ್ಲ ಎನ್ನುವುದೇ ಸರಿ.

ಶರ್ಫುದ್ದೀನ್ ಬೇಡ ಎಂದ. ಡಾಕ್ಟರು ಭಾನುವಾರ ಬರುತ್ತಾರಲ್ಲ, ಎರಡು ದಿನ ಕಾಯೋಣ ಎಂದ. ನಾನು ನಕ್ಕು, ನಿನಗೆ ದನ ಗೊತ್ತಿರಬಹುದು, ಎತ್ತು ಗೊತ್ತಿಲ್ಲ ಎಂದೆ. ಹಗ್ಗ ಹಿಡಿದು ತಲೆ ಎತ್ತು ಎಂದು ಹೇಳಿದೆ. ಮ್ಯಾನೇಜರ್ ಹೇಳಿದ ಮೇಲೆ ಎತ್ತಿದ. ಮೊದಲ ಗೊಟ್ಟ ಚೆನ್ನಾಗಿ ಇಳಿಯಿತು. ಎರಡನೆಯದಕ್ಕೆ ಬರ್ಕ್ ಕೆಮ್ಮಿದ. ಶರ್ಫುದ್ದೀನ್ ಹಗ್ಗ ಸಡಿಲಿಸುತ್ತ, "ಸಾಬ್, ಛೋಡ್ ದೋ," ಎಂದ. ಎತ್ತು ಕೆಮ್ಮಿದ ತಕ್ಷಣ ಅಪ್ಪ ಗೊಟ್ಟ ಎಳೆದು ತಲೆ ಬಿಟ್ಟುಬಿಡುತ್ತಿದ್ದರು, ಅದು ನನಗೆ ಗೊತ್ತಿತ್ತು. ಆದರೆ ಮೊಬೈಲು ಮೇವಿನ ತೊಟ್ಟಿಯ ಮೇಲಿಂದ ವಿಡಿಯೋ ತೆಗೆಯುತ್ತಿತ್ತು. ನಾನು ಹಗ್ಗವನ್ನು ಅವನ ಕೈಯಿಂದ ಕಿತ್ತು ತಲೆಯನ್ನು ಇನ್ನೂ ಎತ್ತರಕ್ಕೆ ಎಳೆದು ಉಳಿದದ್ದನ್ನು ಪೂರ್ತಿ ಸುರಿದೆ.

ಆ ವಿಡಿಯೋ ಕಳಿಸಲಿಲ್ಲ. ಶನಿವಾರ ಬರ್ಕ್‌ನ ಉಸಿರು ನೋಡಿದಾಗಲೇ ತಪ್ಪು ಎಲ್ಲಿ ಆಯಿತೆಂದು ಗೊತ್ತಾಯಿತು. ಕೊಂಬಿನ ಹುರಮಂಜನ್ನು ಒದ್ದೆ ಗೋಣಿಯಿಂದ ತಿಕ್ಕಿ ತೆಗೆದೆ. ಪೈಪನ್ನು ಕಸದ ಗುಂಡಿಗೆ ಹಾಕಿ ಸುಟ್ಟೆ. ಡಾಕ್ಟರಿಗೆ ಆಗಲೇ ಫೋನ್ ಮಾಡಿ ಇಂಥದ್ದಾಗಿದೆ ಎಂದಿದ್ದರೆ ಉಳಿಯುತ್ತಿದ್ದನೋ ಏನೋ, ನನಗೆ ಗೊತ್ತಿಲ್ಲ. ಮಾಡಲಿಲ್ಲ.

ಎರಡೂವರೆ. ಇನ್ನೊಂದು ಗಂಟೆ ಇದೆ. ಆಳುಗಳ ಕೋಣೆಯ ಬಾಗಿಲು ತೆರೆದ ಸದ್ದಾಯಿತು ಎಂದು ಪರದೆ ಸರಿಸಿ ನೋಡಿದೆ. ಶರ್ಫುದ್ದೀನ್ ಬಿಸಿಲಲ್ಲೇ ಬರ್ಕ್‌ನ ಖಾಲಿ ಜಾಗಕ್ಕೆ ನೀರು ಹಾಕಿ ತೊಳೆಯುತ್ತಿದ್ದಾನೆ. ಈ ಹೊತ್ತಿನಲ್ಲಿ ಕೆಲಸ ಮಾಡುವಂತಿಲ್ಲ ಎಂದು ಹೋಗಿ ಹೇಳಬೇಕಾದವನು ನಾನು. ಹೋಗಲಿಲ್ಲ.

ಅವನೇಕೆ ಬಾಯಿ ಬಿಡಲಿಲ್ಲ ಎಂದು ನೀನು ಕೇಳುತ್ತೀ. ನನ್ನ ಮೇಲಿನ ಪ್ರೀತಿಗೆ ಎಂದು ಬರೆಯೋಣವೆಂದು ಪೆನ್ನು ಹಿಡಿದಿದ್ದೆ. ಹಾಗಲ್ಲ. ಭಾನುವಾರ ಅಹ್ಮದ್ ಬರುವ ಮುಂಚೆ ನಾನು ಅವನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ, ಎರಡು ದಿನ ಸುಮ್ಮನಿರು, ಅವರ ಸಿಟ್ಟು ಇಳಿಯಲಿ, ಆಮೇಲೆ ನಾನೇ ಹೇಳುತ್ತೇನೆ ಎಂದು ಬೇಡಿಕೊಂಡಿದ್ದೆ. ಬೇಡಿಕೊಂಡೆ ಎಂದೆನಲ್ಲ, ಅದೂ ಪೂರ್ತಿ ಸರಿಯಲ್ಲ. ನಿನ್ನ ವೀಸಾ ನವೀಕರಣದ ಕಾಗದ ನನ್ನ ಮೇಜಿನ ಮೇಲೇ ಇದೆ ಎಂದೂ ಅಂದೆ. ಬೆದರಿಸಲು ಹೇಳಿದ್ದಲ್ಲ. ಆದರೆ ಅವನು ಹೇಗೆ ಕೇಳಿಸಿಕೊಂಡ ಎನ್ನುವುದು ಅವನ ಮುಖದಲ್ಲಿ ಕಂಡಿತು, ಆದರೂ ನಾನು ಮಾತು ತಿದ್ದಿಕೊಳ್ಳಲಿಲ್ಲ. ನಿನ್ನೆ ಸಂಜೆ ನನ್ನ ಬಾಗಿಲಿಗೆ ಬಂದು ಒಂದೇ ಮಾತು ಕೇಳಿದ: "ಸಾಬ್, ನಾಳೆಗೆ ಎರಡು ದಿನ ಆಯಿತಲ್ಲ?"

ನಾನು ನಾಳೆ ಎಂದೆ. ಆ ನಾಳೆ ಇವತ್ತು.

ಹೆದರಿಕೆ ಯಾವುದಕ್ಕೆ ಎಂದು ನೀನು ಲೆಕ್ಕ ಹಾಕುವ ಮುಂಚೆ ನಾನೇ ಹೇಳುತ್ತೇನೆ. ನನ್ನ ಕೆಲಸ ಹೋದರೆ ನಿಮ್ಮಿಬ್ಬರ ವೀಸಾವೂ ಹೋಗುತ್ತದೆ. ಅಂಜಲಿ ಹನ್ನೆರಡನೇ ಕ್ಲಾಸಿನ ನಡುವೆ ಶಾಲೆ ಬಿಡಬೇಕಾಗುತ್ತದೆ. ನಿನ್ನೆ ಇಡೀ ದಿನ ನಾನು ಅವಳ ಹೆಸರು ಹೇಳಿಕೊಂಡೇ ಸುಮ್ಮನಿದ್ದೆ. ಅವಳಿಗಾಗಿ, ಅವಳಿಗಾಗಿ ಎಂದು. ಆದರೆ ಅವಳು ಇಲ್ಲದಿದ್ದರೂ ನಾನು ಸುಮ್ಮನೇ ಇರುತ್ತಿದ್ದೆ, ಶೈಲಾ. ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಅಪ್ಪ ತೀರಿಕೊಂಡಾಗ ಅಹ್ಮದ್‌ಗೆ ಫೋನ್ ಮಾಡಿ ನನಗೆ ರಜೆ ಕೇಳಿದವಳು ನೀನು. ಸಂಬಳ ಹೆಚ್ಚಿಸಿ ಎಂದು ಹೇಳಿದವಳೂ ನೀನು. ನಾನು ನಿನ್ನ ಪಕ್ಕದಲ್ಲಿ ನಿಂತು ಸನ್ನೆ ಮಾಡುತ್ತಿದ್ದೆ. ಸೊಹಾರ್‌ಗೆ ಹೊರಟ ದಿನ ನೀನು ಪೆಟ್ಟಿಗೆ ಕಟ್ಟುತ್ತ, "ನಿಮ್ಮ ಮಾತು ನಾ ಎಷ್ಟು ದಿನಾ ಆಡ್ಲಿ? ದೇವರು ನಿಮಗೂ ಒಂದು ಬಾಯಿ ಕೊಟ್ಟಾನಲ್ಲ," ಎಂದೆ. ಈಗ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಒಂದೇ ಸಲಕ್ಕೆ ಬೈಸಿಕೊಂಡರಾಯಿತು. ಸೊಹಾರ್‌ನ ಹಾಲಿನ ಡಿಪೋಗೆ ನನ್ನನ್ನು ವರ್ಗ ಮಾಡಿ ಎಂದು ಅಹ್ಮದ್‌ರನ್ನು ಕೇಳಿದೆ, ಅವರು ಒಪ್ಪಲಿಲ್ಲ ಎಂದು ನಿನಗೆ ಹೇಳಿದ್ದೆನಲ್ಲ. ನಾನು ಕೇಳಿರಲೇ ಇಲ್ಲ. ಎರಡು ಸಲ ಮಜ್ಲಿಸ್ ಬಾಗಿಲ ತನಕ ಹೋಗಿ ವಾಪಸು ಬಂದಿದ್ದೆ. ಎರಡು ವರ್ಷ ನೀನು ಆ ಮುದುಕನನ್ನು ಬೈದುಕೊಂಡಿದ್ದೀ. ಬೈಯಬೇಕಾದವನು ಇಲ್ಲಿ ಕೂತಿದ್ದಾನೆ.

ಮೂರು ಗಂಟೆ ಐದು ನಿಮಿಷ. ನಿರ್ಧಾರ ಮಾಡಿದ್ದೇನೆ. ಮೂರೂವರೆಗೆ ಅಹ್ಮದ್ ನಮಾಜು ಮುಗಿಸಿ ಮಜ್ಲಿಸ್‌ಗೆ ಬಂದು ಒಬ್ಬರೇ ಕೂರುತ್ತಾರೆ. ಹೋಗಿ ಹೇಳುತ್ತೇನೆ. ಅರಬ್ಬಿಯಲ್ಲಿ ಹೇಳಬೇಕಾದ ಮಾತನ್ನು ಚೀಟಿಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡಿದ್ದೇನೆ, ನಾಲ್ಕೇ ವಾಕ್ಯ. ಇದು ನಿನ್ನ ಕೈ ಸೇರುವಷ್ಟರಲ್ಲಿ ನಾನು ಹೇಳಿರುತ್ತೇನೆ. ನಾವು ಗಂಟುಮೂಟೆ ಕಟ್ಟುವುದಾದರೆ ಅಂಜಲಿಗೆ ನಾನೇ ಬಂದು ವಿವರಿಸುತ್ತೇನೆ, ಅವಳು ಇಂಗ್ಲಿಷಿನಲ್ಲಿ ಬೈಯಲಿ, ಕೇಳಿಸಿಕೊಳ್ಳುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕೆಂದು ಇದನ್ನೆಲ್ಲ ಬರೆಯಲಿಲ್ಲ. ಈ ಎರಡು ವರ್ಷದಲ್ಲಿ ನಿನ್ನನ್ನು ನೆನೆಯದ ದಿನವಿಲ್ಲ ಎನ್ನುವುದನ್ನು ಮಾತ್ರ ನಂಬು, ಉಳಿದದ್ದು ನಿನ್ನಿಷ್ಟ.

ನಿನ್ನವನೇ ಆದ,
ಈರಣ್ಣ

ತಾ.ಕ.: ಸಂಜೆ ಆರು ಗಂಟೆ. ಹೋಗಿದ್ದೆ. ಅಹ್ಮದ್ ಒಬ್ಬರೇ ಇದ್ದರು. ಕಾಫಿ ಬಗ್ಗಿಸಿ ಕೊಟ್ಟರು. ಬರ್ಕ್ ಕರುವಾಗಿದ್ದಾಗಿನ ಫೋಟೋಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸಿ ಅತ್ತರು. ನನ್ನ ಕೈ ಹಿಡಿದು, ನೀನೊಬ್ಬ ಇದ್ದೀಯಲ್ಲ, ನನಗೆ ಅಷ್ಟೇ ಧೈರ್ಯ ಎಂದರು. ಚೀಟಿ ಜೇಬಿನಲ್ಲೇ ಇತ್ತು. ನಾನು ಎದ್ದು ಬಂದೆ.

ಅದಕ್ಕೇ ಈ ಕಾಗದವನ್ನು ಸವಾದ್‌ನ ಕೈಗೆ ಕೊಡುತ್ತಿಲ್ಲ. ನಾಳೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ವಾರದ ಹಾಲಿನ ಜೊತೆ ಇದನ್ನು ಹಿಡಿದು ನಿನ್ನ ಬಾಗಿಲು ತಟ್ಟುವವನೇ ಶರ್ಫುದ್ದೀನ್. ಈಗಷ್ಟೇ ಅವನನ್ನು ಕರೆದು ಕೇಳಿಕೊಂಡೆ. ಇದರಲ್ಲಿ ತನ್ನ ಹೆಸರಿದೆಯೇ ಎಂದು ಕೇಳಿದ. ಇದೆ ಎಂದೆ. ಏನು ಬರೆದಿದ್ದೀರಿ ಎಂದು ಕೇಳಲಿಲ್ಲ. ಭಾಬಿ ಓದಿ ಹೇಳುತ್ತಾರಾ ಎಂದು ಮಾತ್ರ ಕೇಳಿದ. ಹೇಳುತ್ತಾಳೆ ಎಂದುಬಿಟ್ಟಿದ್ದೇನೆ.

ಅವನನ್ನು ಒಳಗೆ ಕೂರಿಸಿ ಹಿಂದಿಯಲ್ಲಿ ಪೂರ್ತಿ ಓದಿ ಹೇಳು. ವೀಸಾ ಕಾಗದದ ಮಾತನ್ನು ಬಿಡಬೇಡ. ಆಮೇಲೆ ಅವನ ಎದುರಿಗೇ ಅಹ್ಮದ್‌ಗೆ ಫೋನ್ ಮಾಡು. ಮಧ್ಯಾಹ್ನ ಒಂದಕ್ಕೆ ಸಹಿ ಬೀಳುವ ಮುಂಚೆ ಮಾಡು. ಮೊದಲು ನನಗೆ ಮಾಡಬೇಡ, ಮಾಡಿದರೆ ನಾನು ಬೇಡ ಎನ್ನುತ್ತೇನೆ. ಬೆಳಿಗ್ಗೆ ಒಂಬತ್ತರಿಂದ ನಾನು ಮಜ್ಲಿಸ್‌ನಲ್ಲೇ ಅವರ ಎದುರಿಗೆ ಕೂತಿರುತ್ತೇನೆ. ಫೋನ್ ಇಟ್ಟು ಅವರು ನನ್ನ ಮುಖ ನೋಡಿದಾಗ ಹೌದು ಎನ್ನುತ್ತೇನೆ. ಅಷ್ಟು ನನ್ನಿಂದ ಆಗುತ್ತದೆ, ಶೈಲಾ. ಮೊದಲ ಮಾತು ಮಾತ್ರ ಆಗುವುದಿಲ್ಲ.